ಒಂದೇ ಬಾಯಿಯ ಓದು

ಬಳ್ಳಾರಿ,
ತಾ. 11-5-1952, ಭಾನುವಾರ

ಪ್ರೀತಿಯ ಜಂಬಕ್ಕನಿಗೆ ನಿನ್ನ ವಿರೂಪಿಯ ನಮಸ್ಕಾರ.

ಕ್ಷೇಮ ಸಮಾಚಾರ ಆಮೇಲೆ ಕೇಳುತ್ತೇನೆ. ಮೊದಲು ಇದನ್ನು ಓದು. ಹೊಕ್ಕುಳಬಳ್ಳಿ ಕೊಯ್ಯುವ ಬ್ಲೇಡನ್ನೂ ಕಟ್ಟುವ ದಾರವನ್ನೂ ನೀರು ಕುದಿಯಲು ಶುರುವಾದ ಮೇಲೆ ಪೂರಾ ಇಪ್ಪತ್ತು ನಿಮಿಷ ಕುದಿಸಬೇಕು. ಗಡಿಯಾರ ಇಲ್ಲದ ಮನೆಯಾದರೆ, ಒಂದು ಪಾತ್ರೆ ಅನ್ನ ಬೆಂದು ಬಸಿಯುವಷ್ಟು ಹೊತ್ತು ಎಂದು ಇಟ್ಟುಕೋ. ಒಂದು ಕುದಿ ಬಂದರೆ ಸಾಲದು. ಒಂದು ಕುದಿ ಸಾಕು ಎಂದು ನಿನಗೆ ಹೇಳಿದವಳು ನಾನು. ಪುಸ್ತಕದಲ್ಲಿ ಹಾಗೆ ಇರಲಿಲ್ಲ.

ಈಗ ಕೇಳುತ್ತೇನೆ, ಹೇಗಿದ್ದೀಯೆ? ಐದು ವರ್ಷ ಒಂದು ಕಾರ್ಡು ಹಾಕದವಳು ಈಗೇಕೆ ಬರೆಯುತ್ತಿದ್ದಾಳೆ ಎಂದು ನಿನಗೆ ಅನ್ನಿಸಬಹುದು. ಅನ್ನಿಸಲೇಬೇಕು.

ಹೋದ ವಾರ ಕೆಂಚನಗುಡ್ಡದ ಮಲ್ಲಯ್ಯನವರು ಕಾಲಿಗೆ ಕುಡುಗೋಲು ತಾಗಿಸಿಕೊಂಡು ನನ್ನ ವಾರ್ಡಿಗೆ ಬಂದಿದ್ದರು. ಗಾಯ ತೊಳೆಯುವಾಗ ನೋವು ಮರೆಯಲಿ ಎಂದು ಊರಿನ ಸುದ್ದಿ ಕೇಳುವುದು ನನ್ನ ರೂಢಿ. ಅವರ ಸೊಸೆಗೆ ಯುಗಾದಿಯ ಹಿಂದುಮುಂದು ಹೆರಿಗೆಯಾಯಿತಂತೆ. ಸಿರುಗುಪ್ಪದಿಂದ ಜಂಬಮ್ಮ ಎಂಬಾಕೆಯನ್ನು ಗಾಡಿ ಕಳಿಸಿ ಕರೆಸಿದ್ದರಂತೆ. ಬಯಲಾಟದ ಮಾಸ್ತರರ ಮಗಳೇ ಎಂದು ಕೇಳಿದೆ, ಹೌದೆಂದರು. ಕೈ ತೊಳೆಯದವರನ್ನು ಆಕೆ ಬಾಣಂತಿಯ ಹತ್ತಿರ ಸುಳಿಯಗೊಡುವುದಿಲ್ಲ, ಕೂಸಿನ ಹೊಕ್ಕುಳಿಗೆ ಹಚ್ಚಲು ಬೂದಿ ಹಿಡಿದು ಬಂದ ಮುದುಕಿಯರನ್ನೆಲ್ಲ ಗದರಿಸಿ ಅಟ್ಟುತ್ತಾಳೆ ಎಂದು ಅವರು ನಗುತ್ತ ಹೇಳಿದರು. ನನಗೂ ನಗು ಬಂತು, ಹೆಮ್ಮೆಯಾಯಿತು. ಅಷ್ಟರಲ್ಲಿ ಅವರು ಇನ್ನೊಂದು ಮಾತು ಸೇರಿಸಿದರು.

"ಬ್ಲೇಡು ಒಂದ ಕುದಿ ಬಂದ್ರ ಸಾಕು ಅಂತಾಳ್ರಿ. ದೊಡ್ಡ ಆಸ್ಪತ್ರ್ಯಾಗಿನ ಪುಸ್ತಕದಾಗ ಹಂಗ ಐತಂತ. ಆಕಿ ಬಾಯಾಗ ಪುಸ್ತಕಾನ ಐತಿ ನೋಡ್ರಿ."

ಮೊಮ್ಮಗ ಹೇಗಿದ್ದಾನೆ ಎಂದು ಎರಡು ಸಲ ಕೇಳಿದೆ. ಚೆನ್ನಾಗಿದ್ದಾನಂತೆ, ಬಳ್ಳಿಗೆ ನಂಜು ಹತ್ತಿ ಎಂಟನೆಯ ದಿನ ಸೆಟೆದುಕೊಳ್ಳುವುದು ಗಿಟೆದುಕೊಳ್ಳುವುದು ಏನೂ ಆಗಲಿಲ್ಲವಂತೆ. ನೀನು ಈ ಐದು ವರ್ಷದಲ್ಲಿ ಹೆರಿಗೆ ಮಾಡಿಸಿದ ಉಳಿದ ಮನೆಗಳಲ್ಲಿ ಎಲ್ಲ ಕೂಸುಗಳೂ ಎಂಟು ದಿನ ದಾಟಿದವೋ ಇಲ್ಲವೋ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಮರುದಿನ ಹೊಸ ಮೇಟ್ರನ್ ಅಮ್ಮನವರ ಹತ್ತಿರ ಹೋಗಿ ನಿನ್ನ ವಿಷಯ ತೆಗೆದೆ. ನಮ್ಮ ಕಾಲದಲ್ಲಿ ಆ ಕುರ್ಚಿಯಲ್ಲಿದ್ದ ಕರುಣಮ್ಮ ಸಿಸ್ಟರ್ ಹೋದ ವರ್ಷವೇ ಕೆಲಸ ಬಿಟ್ಟು ಆದವಾನಿಗೆ ಹೋದರು. ಈ ಅಮ್ಮನವರು ಕೇಳಿಸಿಕೊಳ್ಳುವವರು. ಹಳೆಯ ರಿಜಿಸ್ಟರು ತರಿಸಿ ನೋಡಿದರು. ನೀನು ನರ್ಸ್ ತರಬೇತಿಯ ಒಂದನೇ ವರ್ಷ ಪೂರ್ತಿ ಮುಗಿಸಿದ್ದೀಯೆ, ಹಾಜರಿ ಒಂದು ದಿನವೂ ತಪ್ಪಿಲ್ಲ. ಆ ವರ್ಷದ ಪರೀಕ್ಷೆಯನ್ನು ಮತ್ತೊಮ್ಮೆ ಬರೆದು ಪಾಸಾದರೆ ಸೀದಾ ಎರಡನೇ ವರ್ಷಕ್ಕೆ ಸೇರಿಸಿಕೊಳ್ಳಬಹುದು ಎಂದರು. ಆದರೆ ಜೂನ್ ಎರಡನೇ ತಾರೀಖಿನೊಳಗೆ ನೀನೇ ಬಂದು ಅರ್ಜಿ ಕೊಡಬೇಕು. ಮೂವತ್ತು ದಾಟಿದವರನ್ನು ಸೇರಿಸಿಕೊಳ್ಳುವ ಪದ್ಧತಿ ಇಲ್ಲಿ ಇಲ್ಲ. ನಿನಗೆ ಈಗ ಇಪ್ಪತ್ತೊಂಬತ್ತು. ಈ ಸಲ ತಪ್ಪಿದರೆ ತಪ್ಪಿದಂತೆಯೇ. ಫೈಲಿನಲ್ಲಿ ಹಳೆಯದೊಂದು ಕಾಗದ ಅಡ್ಡ ಬರುತ್ತದೆ ಎಂದೂ ಅವರು ಹೇಳಿದರು. ಅದನ್ನು ನಾನು ನೋಡಿಕೊಳ್ಳುತ್ತೇನೆ, ನೀನು ಅದರ ಚಿಂತೆ ಮಾಡಬೇಡ.

ಬಾ ಎಂದು ಬರೆದ ಮಾತ್ರಕ್ಕೆ ನೀನು ಏಕೆ ಬರಬೇಕು? ಅದು ನನಗೂ ಗೊತ್ತಿದೆ. ಅದಕ್ಕೇ ಆಗ ಹೇಳಬೇಕಾಗಿದ್ದ ಮಾತನ್ನು ಈಗ ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದೂ ಇದರಲ್ಲಿ ಬರುತ್ತದೆ, ಬೇಸರಪಡದೆ ಓದು.

ನಾವಿಬ್ಬರೂ ಇಲ್ಲಿಗೆ ಬಂದದ್ದು ಒಂದೇ ದಿನ, ನಲವತ್ತಾರನೇ ಇಸವಿಯಲ್ಲಿ. ನೀನು ಸಿರುಗುಪ್ಪದಿಂದ ಇದ್ದಿಲಿನ ಬಸ್ಸಿನಲ್ಲಿ ಬಂದಿದ್ದೆ, ಮುಖವೆಲ್ಲ ಮಸಿ. ನಾನು ಕುರುಗೋಡಿನಿಂದ ನಮ್ಮಪ್ಪನ ಜೊತೆ ಗಾಡಿಯಲ್ಲಿ ಬಂದು, ನಿನ್ನ ಮುಖ ನೋಡಿ ಈಕೆ ಅಡುಗೆಯವಳು ಎಂದುಕೊಂಡಿದ್ದೆ. ನೀನು ಗಂಡನನ್ನು ಕಳೆದುಕೊಂಡು ಏಳು ವರ್ಷವಾಗಿತ್ತು. ತೆಕ್ಕಲಕೋಟೆಯ ಅತ್ತೆಮನೆಯವರು ವಾಂತಿಭೇದಿಯಲ್ಲಿ ತಮ್ಮ ಮಗ ಹೋದದ್ದಕ್ಕೆ ನಿನ್ನನ್ನೇ ಬೈದು ತವರಿಗೆ ಕಳಿಸಿದ್ದರು. ತವರಿನಲ್ಲಿ ನಿನ್ನಣ್ಣ ಸುಂಕಣ್ಣನಿಗೆ ನೀನು ಆಸ್ಪತ್ರೆಗೆ ಸೇರುವುದು ಬೇಡವಾಗಿತ್ತು. ಊರವರ ಮೈ ಮುಟ್ಟುವ ಕೆಲಸ ನಮ್ಮ ಮನೆತನಕ್ಕೆ ಬೇಡ ಎಂದನಂತೆ. ನಿಮ್ಮ ಅಪ್ಪ ಉಜ್ಜಿನಪ್ಪನವರು ಮಾತ್ರ ಕಲಿತು ಬಾ ಎಂದು ಹರಸಿ ಕಳಿಸಿದ್ದರು. ಈ ಕೆಲಸ ಸಿಕ್ಕರೆ ಅಣ್ಣನ ಹೆಂಡತಿಯ ಕೈ ನೋಡದೆ ಉಣ್ಣಬಹುದು ಎಂದು ನೀನು ಮೊದಲ ದಿನವೇ ನನಗೆ ಹೇಳಿದ್ದೆ. ನಿನಗೆ ಅದು ಎಷ್ಟು ದೊಡ್ಡದು ಎಂದು ಗೊತ್ತಿಲ್ಲದೆ ನಾನು ತಪ್ಪು ಮಾಡಿದೆ ಎಂದು ಹೇಳುವ ಹಾಗಿಲ್ಲ.

ಆ ಓದಿನ ಹೊರೆ ನೆನೆದರೆ ಈಗಲೂ ಕುತ್ತಿಗೆ ನೋಯುತ್ತದೆ. ಬೆಳಿಗ್ಗೆ ಆರರಿಂದ ವಾರ್ಡು, ನಡುವೆ ಕ್ಲಾಸು, ಮತ್ತೆ ವಾರ್ಡು. ಶರೀರ, ಶುಚಿತ್ವ, ಶುಶ್ರೂಷೆ, ಔಷಧ, ಅಪಘಾತ ಎಂದು ಐದು ಪುಸ್ತಕ, ಐದೂ ಇಂಗ್ಲಿಷು. ಉತ್ತರವನ್ನು ಕನ್ನಡದಲ್ಲಿ ಬರೆಯಲು ಬಿಡುತ್ತಿದ್ದರು, ಆದರೆ ಓದುವುದು ಇಂಗ್ಲಿಷಿನಲ್ಲೇ. ಎಂಟು ಹುಡುಗಿಯರಿಗೆ ಒಂದೊಂದು ಪುಸ್ತಕದ್ದೂ ಎರಡೇ ಪ್ರತಿ. ಇವತ್ತು ತೆಗೆದುಕೊಂಡರೆ ನಾಳೆ ಸಂಜೆಯೊಳಗೆ ಕೊಡಬೇಕು. ನಾನು ಮೇಷ್ಟರ ಮಗಳು, ಇಂಗ್ಲಿಷು ಒಂದಿಷ್ಟು ಬರುತ್ತಿತ್ತು. ನೀನು ಒಂದು ಸಾಲನ್ನು ಬೆರಳಿಟ್ಟು ಓದಿ ಮುಗಿಸುವುದರೊಳಗೆ ವಾರ್ಡಿನ ಗಂಟೆ ಹೊಡೆಯುತ್ತಿತ್ತು. ಎರಡನೇ ವಾರದಲ್ಲಿ ನೀನು ಬಟ್ಟೆ ಒಣಗಿಸುವ ಕಟ್ಟೆಯ ಮೇಲೆ ಪುಸ್ತಕ ಮುಚ್ಚಿಟ್ಟು ಅಳುತ್ತ ಕೂತಿದ್ದೆ.

ಉಪಾಯ ಹೊಳೆದದ್ದು ನಿನಗೇ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಎಲ್ಲರೂ ಒಗೆದ ಬ್ಯಾಂಡೇಜು ಸುತ್ತಬೇಕಿತ್ತು, ಒಬ್ಬೊಬ್ಬರಿಗೆ ನಲವತ್ತು ಸುರುಳಿ. ನಿಮ್ಮ ಅಪ್ಪ ಬಯಲಾಟದ ಮಾಸ್ತರರು. ಅವರ ತಾಲೀಮಿನಲ್ಲಿ ಪ್ರಸಂಗದ ಪ್ರತಿ ಇರುವುದು ಮಾಸ್ತರರ ಕೈಯಲ್ಲಿ ಒಂದೇ. ಅವರು ಓದುತ್ತಾರೆ, ಅಕ್ಷರ ಬಾರದ ಒಕ್ಕಲಿಗರು ಕೇಳಿ ಕೇಳಿ ಮೂರು ತಿಂಗಳಲ್ಲಿ ಇಡೀ ಆಟ ಬಾಯಿಗೆ ತಂದುಕೊಳ್ಳುತ್ತಾರೆ. ನೀನು ಬಾಗಿಲ ಸಂದಿಯಲ್ಲಿ ಕೂತು ರಾಜನ ಪಾತ್ರವನ್ನೂ ರಾಣಿಯ ಪಾತ್ರವನ್ನೂ ಕಲಿತವಳು. "ನಿನ್ನ ಪಾಲಿನ ಬ್ಯಾಂಡೇಜೂ ನಾನ ಸುತ್ತತೀನಿ, ನೀ ಓದಿ ಕನ್ನಡದಾಗ ಹೇಳು. ನಿನ್ನ ಬಾಯಾಗ ಒಮ್ಮಿ ಬಂದ್ರ ನನಗ ಪುಸ್ತಕ ಬ್ಯಾಡ," ಎಂದೆ ನೀನು.

ಹಾಗೆ ಶುರುವಾಯಿತು ನಮ್ಮ ತಾಲೀಮು. ಆ ಬಿಸಿಲಿನಲ್ಲಿ ಕೋಟೆ ಗುಡ್ಡದಿಂದ ಕಾವು ಹೊಡೆಯುತ್ತಿದ್ದರೆ ನಾನು ಗೋಡೆಯ ನೆರಳಿನಲ್ಲಿ ಕಾಲು ಚಾಚಿ ಕೂತು ಮಾಸ್ತರಿಕೆ ಮಾಡುತ್ತಿದ್ದೆ. ನೀನು ಎಂಬತ್ತು ಸುರುಳಿ ಸುತ್ತುತ್ತ ನಾನು ಹೇಳಿದ್ದನ್ನು ತಿರುಗಿ ಹೇಳುತ್ತಿದ್ದೆ. ಕೈಯ ಎಲುಬುಗಳ ಹೆಸರನ್ನು ಆಟದ ಪದದ ಧಾಟಿಗೆ ಕೂಡಿಸಿ ಹೆಜ್ಜೆ ಹಾಕಿ ತೋರಿಸಿದಾಗ ಅಗಸರ ಮಾರೆಮ್ಮ ಬಟ್ಟೆ ಬಿಟ್ಟು ನಗುತ್ತ ನಿಂತಿದ್ದಳು. ಸಣ್ಣ ಕರುಳು ಇಪ್ಪತ್ತೆರಡು ಅಡಿ ಎಂದು ಪುಸ್ತಕದಲ್ಲಿತ್ತು. ನಾನು ನಿನಗೆ, ಎಂಟು ಗಜದ ಸೀರೆಗೆ ಒಂದು ಮೊಳ ಕಡಿಮೆ ಎಂದು ಹೇಳಿಕೊಟ್ಟೆ. ನೀನು ಅದನ್ನು ಎಷ್ಟು ಸಲ ಹೇಳಿದೆಯೆಂದರೆ ನನಗೂ ಅಡಿಯ ಲೆಕ್ಕ ಮರೆತು ಸೀರೆಯೇ ಉಳಿಯಿತು.

ಆ ಒಂದು ವರ್ಷ ನನ್ನ ಬದುಕಿನಲ್ಲಿ ಬಹಳ ಒಳ್ಳೆಯ ವರ್ಷ. ಇದನ್ನೂ ನಾನು ನಿನಗೆ ಯಾವತ್ತೂ ಹೇಳಿಲ್ಲ.

ಈಗ ತಪ್ಪಿನ ಮಾತು. ನಾನು ಓದುವುದರಲ್ಲಿ ಕಳ್ಳತನ ಮಾಡುತ್ತಿದ್ದೆ. ನಾಲ್ಕರ ಗಂಟೆಯೊಳಗೆ ಮುಗಿಸಬೇಕು ಎಂದು ಉದ್ದದ ಪುಟಗಳನ್ನು ಮೊಟಕು ಮಾಡುತ್ತಿದ್ದೆ. ಯಾವ ಸಾಮಾನು ಎಷ್ಟು ಹೊತ್ತು ಕುದಿಯಬೇಕು ಎಂದು ಒಂದು ಪುಟ ತುಂಬ ಪಟ್ಟಿ ಇತ್ತು. ಅದನ್ನು ಒಂದೊಂದಾಗಿ ಕನ್ನಡಕ್ಕೆ ತಿರುಗಿಸುವ ಸಹನೆ ಇಲ್ಲದೆ, ಎಲ್ಲಾ ಒಂದು ಕುದಿ ಬರಲಿ ಎಂದುಬಿಟ್ಟೆ. ನಾನೇನೋ ಆಮೇಲೆ ವಾರ್ಡಿನಲ್ಲಿ ಗಡಿಯಾರ ನೋಡಿ ಕುದಿಸುವುದನ್ನು ಕಲಿತೆ. ಸಾಮಾನು ಕುದಿಸುವ ಸ್ಟೆರಿಲೈಸರ್ ಕೆಲಸ ಎರಡನೇ ವರ್ಷದ್ದು, ಅಷ್ಟರಲ್ಲಿ ನೀನು ಇಲ್ಲಿ ಇರಲಿಲ್ಲ. ನಿಮ್ಮ ಅಪ್ಪ ಬೆಳಗಾಗುವುದರೊಳಗೆ ಆಟ ಮುಗಿಯಲಿ ಎಂದು ನಾಲ್ಕು ಪದ ಬಿಟ್ಟರೆ ರಾಜ ನಾಲ್ಕು ಪದ ಕಡಿಮೆ ಹಾಡುತ್ತಾನೆ, ಅಷ್ಟೇ. ನಾನು ಬಿಟ್ಟದ್ದು ಅಂಥದ್ದಲ್ಲ ಎಂದು ಹದಿನೆಂಟು ವರ್ಷದ ನನಗೆ ಅರ್ಥವಾಗಿರಲಿಲ್ಲ.

ಪರೀಕ್ಷೆಗೆ ಹತ್ತು ದಿನ ಇದ್ದಾಗ ವಿಷದ ಪಾಠ ಓದಿದೆವು. ಆ ದಿನ ನನಗೆ ತೂಕಡಿಕೆ. ಆಸಿಡ್ ಕುಡಿದವರ ಪುಟ ಓದುತ್ತಿದ್ದವಳು ಎರಡು ಹಾಳೆ ಒಟ್ಟಿಗೆ ತಿರುವಿ ಅಫೀಮು ತಿಂದವರ ಪುಟಕ್ಕೆ ಹೋದೆ. ವಾಕ್ಯಕ್ಕೆ ವಾಕ್ಯ ಕೂಡಿತು, ನನಗೂ ಗೊತ್ತಾಗಲಿಲ್ಲ. ಆಸಿಡ್ ಕುಡಿದವನಿಗೆ ಸಾಸಿವೆ ನೀರು ಕುಡಿಸಿ ವಾಂತಿ ಮಾಡಿಸಬೇಕು, ಗಟ್ಟಿ ಕಾಫಿ ಕೊಡಬೇಕು, ಮಲಗಲು ಬಿಡದೆ ಅಡ್ಡಾಡಿಸಬೇಕು ಎಂದು ನಿನಗೆ ಹೇಳಿಕೊಟ್ಟೆ. ನೀನು ಒಮ್ಮೆ ಸುರುಳಿ ಸುತ್ತುವುದನ್ನು ನಿಲ್ಲಿಸಿ, ಸುಟ್ಟ ಗಂಟಲಿನಲ್ಲಿ ಮತ್ತೆ ವಾಂತಿ ಮಾಡಿಸಿದರೆ ಇನ್ನೂ ಸುಡುವುದಿಲ್ಲವೇ ಎಂದು ಕೇಳಿದ್ದೆ. ಪುಸ್ತಕದಲ್ಲಿ ಹಾಗಿದೆ ಎಂದು ನಾನು ಗದರಿದೆ. ಹಿಂದಿನ ಹಾಳೆ ತಿರುವಿ ನೋಡಿದ್ದರೆ ಆಗುತ್ತಿತ್ತು. ನೋಡಲಿಲ್ಲ.

ಅದೇ ಪ್ರಶ್ನೆ ಬಂತು. ಸಣ್ಣ ಕರುಳಿನದೂ ಬಂತು. ನಮ್ಮಿಬ್ಬರ ಮೇಜು ಪಕ್ಕಪಕ್ಕದಲ್ಲಿದ್ದವು.

ನಾಲ್ಕು ದಿನದ ಮೇಲೆ ಕರುಣಮ್ಮ ಸಿಸ್ಟರ್ ಇಬ್ಬರನ್ನೂ ಕೋಣೆಗೆ ಕರೆದು ಎರಡೂ ಕಾಗದ ಮುಂದಿಟ್ಟರು. ಎರಡರಲ್ಲೂ ಎಂಟು ಗಜದ ಸೀರೆ. ಎರಡರಲ್ಲೂ ಆಸಿಡ್ ಕುಡಿದವನು ಕಾಫಿ ಕುಡಿದು ಅಡ್ಡಾಡುತ್ತಿದ್ದ. ಸರಿ ಉತ್ತರ ಇಬ್ಬರಿಗೂ ಒಂದೇ ಇರಬಹುದು, ಪುಸ್ತಕ ಒಂದೇ. ತಪ್ಪು ಹೇಗೆ ಅಕ್ಷರಕ್ಕೆ ಅಕ್ಷರ ಒಂದೇ ಆಗುತ್ತದೆ ಎಂದು ಅವರು ಕೇಳಿದರು. ನ್ಯಾಯವಾದ ಪ್ರಶ್ನೆ. ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಕೇಳುತ್ತಿದ್ದೆ.

ನೀನು ಒಂದಿಷ್ಟೂ ಹೆದರದೆ ಹೇಳಿದೆ: "ನಾ ಯಾರ ಕಾಗದಾನೂ ನೋಡಿಲ್ರಿ ಸಿಸ್ಟರ್. ನಾ ಹೆಂಗ ಕಲಿತೀನಿ ಅಂಬೋದು ವಿರೂಪಿಗೆ ಗೊತ್ತೈತಿ. ಆಕಿನ್ನ ಕೇಳ್ರಿ."

ಸಿಸ್ಟರ್ ನನ್ನ ಕಡೆ ತಿರುಗಿದರು. ನಾನೇ ಇದನ್ನು ಓದಿ ಹೇಳಿದ್ದು, ತಪ್ಪು ನನ್ನದು, ಆಕೆ ನನ್ನ ಬಾಯಿಂದ ಕಲಿತಳು. ಇಷ್ಟು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಬ್ಯಾಂಡೇಜು ಸುತ್ತದೆ ವರ್ಷವಿಡೀ ನಿನ್ನಿಂದ ಸುತ್ತಿಸಿದ್ದು ಹೊರಬರುತ್ತಿತ್ತು. ಲೆಕ್ಕದ ಪಟ್ಟಿಯಲ್ಲಿ ದಿನವೂ ನನ್ನ ಹೆಸರಿನ ಮುಂದೆ ನಲವತ್ತು ಎಂದು ಬರೆದಿದ್ದೆನಲ್ಲ. ಕೆಲಸದಲ್ಲಿ ಸುಳ್ಳು ಬರೆದವಳನ್ನು ಸಿಸ್ಟರ್ ಅದೇ ತಿಂಗಳು ಒಬ್ಬಳನ್ನು ಮನೆಗೆ ಕಳಿಸಿದ್ದರು. ಮನೆಗೆ ಹೋದರೆ ನನ್ನನ್ನು ಹೆಂಡತಿ ಸತ್ತ ಸೋದರಮಾವನಿಗೆ ಕೊಡುವುದು ನಿಶ್ಚಯವಾಗಿತ್ತು. ಅವನಿಗೆ ನನ್ನಷ್ಟೇ ದೊಡ್ಡ ಮಗಳಿದ್ದಳು. ನಾನು ಸುಮ್ಮನೆ ನಿಂತೆ, ಜಂಬಕ್ಕ. ನೆಲ ನೋಡುತ್ತ ಸುಮ್ಮನೆ ನಿಂತೆ.

ಇನ್ನೊಂದು ಕಾರಣವೂ ಇತ್ತು, ಅದನ್ನೂ ಬರೆಯುತ್ತೇನೆ. ಬಾಯಿಮಾತಿನ ಪರೀಕ್ಷೆಯಲ್ಲಿ ಸಿಸ್ಟರ್ ಎಲ್ಲರ ಮುಂದೆ ನಿನ್ನ ಬೆನ್ನು ತಟ್ಟಿದ್ದರು. ನಾನು ಓದಿ ಹೇಳಿದ್ದನ್ನು ನೀನು ನನಗಿಂತ ಚೆಂದಾಗಿ ಹೇಳಿ ನನಗಿಂತ ಮುಂದೆ ಹೋದೆ ಎಂದು ನನಗೆ ಹೊಟ್ಟೆಕಿಚ್ಚಾಗಿತ್ತು.

ಕಾಪಿ ಹೊಡೆದಳೆಂದು ನಿನ್ನ ಹೆಸರು ತೆಗೆದು ಸಿಸ್ಟರ್ ಊರಿಗೆ ಹೇಳಿಕಳಿಸಿದರು. ಮೂರನೆಯ ದಿನ ನಿಮ್ಮ ಅಪ್ಪ ಬಂದರು. ಬಿಳಿ ರುಮಾಲು ಸುತ್ತಿಕೊಂಡು, ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಸಿಸ್ಟರ್ ಕೋಣೆಯ ಹೊಸ್ತಿಲ ಹೊರಗೇ ನಿಂತರು. ನಾನು ಪಕ್ಕದ ಔಷಧದ ಕೋಣೆಯಲ್ಲಿ ಸೀಸೆ ಒರೆಸುತ್ತಿದ್ದೆ. ಅವರಿಗೆ ಮಗಳು ಮಾಡಿದ ತಪ್ಪು ಯಾವುದು ಎಂದೇ ತಿಳಿಯಲಿಲ್ಲ. ಸಿಸ್ಟರ್ ತೆಲುಗು ಕನ್ನಡ ಬೆರೆಸಿ ಎರಡು ಸಲ ಬಿಡಿಸಿ ಹೇಳಿದರು. ಅವರು ತಲೆ ತಗ್ಗಿಸಿ ಕೇಳಿ, ಕೈ ಮುಗಿದು ಹೀಗೆಂದರು:

"ಇಬ್ರೂ ಒಂದ ಮಾತು ಹೇಳಿದ್ರ ತಪ್ಪು ಹೆಂಗಾತ್ರಿ ತಾಯಿ? ನನ್ನ ಕಡೆ ಹನ್ನೆರಡು ಮಂದಿ ಕಲೀತಾರ, ಹನ್ನೆರಡು ಮಂದೀನೂ ಒಂದ ಮಾತು ಹೇಳತಾರ. ಮಾತು ತಪ್ಪಿದ್ರ ಓದಿ ಹೇಳಿದಾವನ್ನ ಕೇಳಬೇಕ್ರಿ. ಈಕಿಗೆ ಓದಿ ಹೇಳಿದಾವ್ರು ಯಾರು?"

ಸಿಸ್ಟರಿಗೆ ಅದು ಹಳ್ಳಿಯ ಮುದುಕರ ಮಾತಾಗಿ ಕೇಳಿಸಿತು. ಅವರು ತಾಲೀಮು ಕಂಡವರಲ್ಲ. ನಿನ್ನನ್ನು ಬಿಟ್ಟರೆ ಆ ಇಡೀ ಆಸ್ಪತ್ರೆಯಲ್ಲಿ ಆ ಮಾತು ತಿಳಿದವಳು ನಾನೊಬ್ಬಳೇ, ಗೋಡೆಯ ಆಚೆ, ಕೈಯಲ್ಲಿ ಸೀಸೆ. ಒರೆಸಿದ್ದನ್ನೇ ಒರೆಸುತ್ತಿದ್ದೆ. ನಿಮ್ಮ ಅಪ್ಪ ಇನ್ನೊಮ್ಮೆ ಅದನ್ನೇ ಕೇಳಿದರು. ಆಮೇಲೆ ನಿನ್ನ ಟ್ರಂಕು ತಾವೇ ಹೊತ್ತುಕೊಂಡು ಹೊರಟರು.

ನಿನ್ನನ್ನು ಬಸ್ಸಿನವರೆಗೆ ಕಳಿಸಲು ನಾನು ಬಂದೆ. ಅಲ್ಲಿ ಹೆಚ್ಚು ಮಾತಾಡಲಿಲ್ಲ.

ನಿಮ್ಮ ಅಪ್ಪ ತೀರಿಕೊಂಡರೆಂದು ಮಲ್ಲಯ್ಯನವರು ಹೇಳಿದರು, ಎರಡು ವರ್ಷವಾಯಿತಂತೆ. ಅವರ ಕಾಲು ಮುಟ್ಟಿ ಹೇಳಬೇಕು ಎಂದು ಎಷ್ಟೋ ಸಲ ಅಂದುಕೊಂಡಿದ್ದೆ. ಸಿರುಗುಪ್ಪ ಇಲ್ಲಿಂದ ಅರ್ಧ ದಿನದ ದಾರಿ. ರಜೆ ಸಿಗಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕುರುಗೋಡಿಗೆ ಹೋಗಲು ಪ್ರತಿ ಹಬ್ಬಕ್ಕೂ ರಜೆ ಸಿಗುತ್ತಿತ್ತು. ಕಾಪಿ ಹೊಡೆದು ಬಂದವಳು ಎಂದು ನಿನ್ನಣ್ಣನ ಮನೆಯಲ್ಲಿ ಈಗಲೂ ಅನ್ನುತ್ತಾರಂತೆ. ನೀನು ಅವರ ಭತ್ತದ ಗದ್ದೆಯಲ್ಲಿ ಕಳೆ ಕಿತ್ತು, ಹೆರಿಗೆಗೆ ಕರೆದವರ ಮನೆಗೆ ಅರ್ಧ ರಾತ್ರಿಯಾದರೂ ಹೋಗುತ್ತೀಯಂತೆ. ನನ್ನ ಮದುವೆ ಆಗಲಿಲ್ಲ. ಸೋದರಮಾವ ಬೇರೆಯವಳನ್ನು ತಂದುಕೊಂಡ. ನಾನು ಪಾಸಾಗಿ ಸ್ಟಾಫ್ ನರ್ಸ್ ಆದೆ. ಒಂದನೇ ವರ್ಷದ ಹುಡುಗಿಯರಿಗೆ ನಾನೇ ವಿಷದ ಪಾಠ ಮಾಡುತ್ತೇನೆ. ಆಸಿಡ್ ಕುಡಿದವರಿಗೆ ವಾಂತಿ ಮಾಡಿಸಬಾರದು ಎಂದು ಪ್ರತಿ ವರ್ಷ ಮೂರು ಮೂರು ಸಲ ಹೇಳುತ್ತೇನೆ. ಯಾಕಷ್ಟು ಸಲ ಎಂದು ಯಾರೂ ಕೇಳಿಲ್ಲ.

ನೀನು ಬಂದರೆ ಇರಲು ಜಾಗವಿದೆ, ಹಾಸ್ಟೆಲ್ಲಿನಲ್ಲಿ ಮೂರು ಮಂಚ ಖಾಲಿ. ಈಗ ಪುಸ್ತಕಗಳೂ ತಲೆಗೊಂದು ಸಿಗುತ್ತವೆ. ನಾನು ಮಲ್ಲಯ್ಯನವರು ಹೋದ ದಿನದಿಂದ ಆ ಐದೂ ಪುಸ್ತಕಗಳನ್ನು ಮೊದಲ ಪುಟದಿಂದ ಓದುತ್ತಿದ್ದೇನೆ, ನಿನಗೆ ಎಲ್ಲೆಲ್ಲಿ ಮೊಟಕು ಮಾಡಿ ಹೇಳಿದೆ ಎಂದು ಹುಡುಕುತ್ತ. ಇಲ್ಲಿಯವರೆಗೆ ಹನ್ನೊಂದು ಕಡೆ ಸಿಕ್ಕಿದೆ. ಹೆರಿಗೆಗೆ ಸಂಬಂಧಪಟ್ಟವು ನಾಲ್ಕು, ಅವನ್ನು ಬೇರೆ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ನೀನು ಬಾರದಿದ್ದರೂ ಆ ಹಾಳೆಯನ್ನು ಮಾತ್ರ ಹರಿಯಬೇಡ. ನನ್ನ ಮೇಲಿನ ಸಿಟ್ಟು ಆ ಕೂಸುಗಳಿಗೆ ತಟ್ಟಬಾರದು.

ಸುಂಕಣ್ಣ ಬೇಡ ಅಂದರೆ ಮಲ್ಲಯ್ಯನವರನ್ನು ಕೇಳು. ಅವರು ಪಟ್ಟಿ ಬಿಚ್ಚಿಸಲು ಇದೇ ಇಪ್ಪತ್ತಾರಕ್ಕೆ ಬರುತ್ತಾರೆ, ನಿನ್ನನ್ನು ಕರೆದುಕೊಂಡು ಬರುತ್ತೇನೆ ಎಂದಿದ್ದಾರೆ. ನೀನು ಬರುತ್ತೀ ಎಂದೇ ನಂಬಿದ್ದೇನೆ. ಬಂದರೆ ಎದುರು ನಿಂತು ಕ್ಷಮೆ ಕೇಳುತ್ತೇನೆ. ಕೊಡುವುದು ಬಿಡುವುದು ನಿನಗೆ ಬಿಟ್ಟದ್ದು.

ನಿನ್ನ ನೆನಪಿನಲ್ಲಿರುವ,
ವಿರೂಪಮ್ಮ

ತಾ.ಕ.: ಮೇಲಿನದನ್ನು ಬರೆದು ಲಕೋಟೆ ಅಂಟಿಸಿ ಎರಡು ದಿನವಾಯಿತು. ಪೆಟ್ಟಿಗೆಗೆ ಹಾಕಲು ಆಗಲಿಲ್ಲ. ಈಗ ಹರಿದು ತೆಗೆದು ಇದನ್ನು ಸೇರಿಸುತ್ತಿದ್ದೇನೆ.

ಸುಮ್ಮನೆ ನಿಂತೆ ಎಂದು ಬರೆದಿದ್ದೇನೆ. ಅದು ನಿನ್ನ ಎದುರಿಗೆ. ನೀನು ಹೊರಗೆ ಹೋದ ಮೇಲೆ ಸಿಸ್ಟರ್ ನನ್ನೊಬ್ಬಳನ್ನೇ ಕೂರಿಸಿಕೊಂಡು ಕೇಳಿದರು. ಜಂಬಮ್ಮನಿಗೆ ಇಂಗ್ಲಿಷು ಓದಲು ಬಾರದು, ನನ್ನ ಕಾಗದ ನೋಡಿ ಬರೆದಿರಬೇಕು ಎಂದು ನಾನು ಹೇಳಿದೆ. ಬರೆದುಕೊಡು ಎಂದರು. ಬರೆದು ಸಹಿ ಹಾಕಿದೆ. ಫೈಲಿನಲ್ಲಿ ಅಡ್ಡ ಬಂದಿರುವ ಹಳೆಯ ಕಾಗದ ಅದೇ. ನಿಮ್ಮ ಅಪ್ಪ ಹೊಸ್ತಿಲಲ್ಲಿ ಕೈ ಮುಗಿದು ನಿಂತಾಗ ಅದು ಸಿಸ್ಟರ್ ಮೇಜಿನ ಮೇಲಿತ್ತು.

ಬಸ್ಸಿನ ಹತ್ತಿರ ನೀನು ಕೇಳಿದೆ, ಸಿಸ್ಟರಿಗೆ ಏನಂದಿ ಎಂದು. ನಿನ್ನ ಪರವಾಗಿ ಎಲ್ಲಾ ಹೇಳಿದೆ, ಅವರು ನಂಬಲಿಲ್ಲ ಎಂದು ಹೇಳಿ ನಾನು ಅತ್ತೆ. ನೀನು ನಿನ್ನ ಸೆರಗಿನಿಂದ ನನ್ನ ಕಣ್ಣು ಒರೆಸಿ, "ನೀ ಹೇಳೂದು ಹೇಳೀದಿ, ಇನ್ನ ಯಾಕ ಅಳತಿ? ನಿನ್ನ ಓದು ಕೆಡಿಸಿಕೋಬ್ಯಾಡ" ಎಂದೆ. ಆ ಮಾತು ನನಗೆ ದಿನಾ ಕೇಳಿಸುತ್ತದೆ.

ಇವತ್ತು ಬೆಳಿಗ್ಗೆ ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿ ಮೇಟ್ರನ್ ಅಮ್ಮನವರ ಕೈಗೆ ಕೊಟ್ಟೆ. ಅವರು ಓದಿ, ಹಳೆಯ ಕಾಗದದ ಮೇಲೆ ಅದನ್ನು ಫೈಲಿಗೆ ಸೇರಿಸಿ, ಜಂಬಮ್ಮನ ದಾರಿಗೆ ಇನ್ನು ಅಡ್ಡಿಯಿಲ್ಲ ಎಂದರು. ನನ್ನ ಬಗ್ಗೆ ಆಸ್ಪತ್ರೆಯ ಕಮಿಟಿಯವರು ತೀರ್ಮಾನ ಮಾಡುತ್ತಾರಂತೆ. ನೀನು ಬರುವ ಹೊತ್ತಿಗೆ ನಾನು ಇಲ್ಲಿ ಇರುವುದಿಲ್ಲವೇನೋ. ನನ್ನ ಮುಖ ನೋಡಬೇಕಾಗುತ್ತದೆ ಎಂದು ಬರುವುದನ್ನು ಬಿಡಬೇಡ. ಪುಸ್ತಕ ಕೈಗೆ ಬಂದ ಮೇಲೆ ನಿಧಾನವಾದರೂ ಚಿಂತೆಯಿಲ್ಲ, ಒಂದೊಂದು ಸಾಲಿಗೂ ಬೆರಳಿಟ್ಟು ನೀನೇ ಓದು. ಓದಿ ಹೇಳುತ್ತೇನೆ ಎಂದು ಯಾರಾದರೂ ಬಂದರೆ ಬೇಡ ಅನ್ನು.

ವಿ.